ಬೆರಳ ತುದಿಯ ಸಾಕ್ಷ್ಯ

ಒಂದು ವಸ್ತುವನ್ನು ಕೊಂಡು ಬಳಸಿದ ಮೇಲೆ ಅದರ ಕುರಿತು ನಾವು ಇತರರಿಗೆ ಹೇಳುವ ಮಾತು ಯಾವ ಬಗೆಯದು? ಅದು ಹೊತ್ತು ಕಳೆಯುವ ಹರಟೆಯೇ? ನಮ್ಮ ಖಾಸಗಿ ಇಷ್ಟಾನಿಷ್ಟದ ವಿಷಯವೇ? ಅಥವಾ ನ್ಯಾಯಪೀಠದ ಮುಂದೆ ನಿಂತು ನುಡಿಯುವ ಸಾಕ್ಷ್ಯದಂತೆ, ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ಲೆಕ್ಕ ಒಪ್ಪಿಸಬೇಕಾದ ಹೊಣೆಯೇ?

ನಮ್ಮ ಹಿರಿಯರ ಕಾಲದಲ್ಲಿ ಈ ಪ್ರಶ್ನೆಗೆ ಇಂದಿನಷ್ಟು ತೂಕವಿರಲಿಲ್ಲ. ವಾರದ ಸಂತೆಯಿಂದ ಕೊಡೆಯನ್ನೋ ಟಾರ್ಚನ್ನೋ ತಂದವರು ಅದರ ಗುಣದೋಷಗಳನ್ನು ನೆರೆಮನೆಯವರಿಗೆ, ಮಸೀದಿಯ ಜಗಲಿಯಲ್ಲಿ ಕೂತ ನಾಲ್ಕು ಮಂದಿಗೆ ಹೇಳುತ್ತಿದ್ದರು. ಕೇಳುವವರಿಗೆ ಹೇಳುವವನ ಪರಿಚಯವಿರುತ್ತಿತ್ತು. ಅವನು ಬಡಾಯಿಯವನೋ, ಮುಂಗೋಪಿಯೋ, ಅಂಗಡಿಯವನ ನೆಂಟನೋ ಎಂಬುದೆಲ್ಲ ಅವರಿಗೆ ತಿಳಿದೇ ಇತ್ತು. ಮಾತನ್ನು ಅದಕ್ಕೆ ತಕ್ಕಂತೆ ತೂಗಿ ಸ್ವೀಕರಿಸುತ್ತಿದ್ದರು.

ಇಂದು ಹಾಗಲ್ಲ. ಫೋನ್ ಕೊಂಡರೆ, ಆ್ಯಪ್ ಇಳಿಸಿಕೊಂಡರೆ, ಆಟೋ ಹತ್ತಿ ಇಳಿದರೆ, ಹೋಟೆಲಿನಿಂದ ಊಟ ತರಿಸಿದರೆ, ಎಷ್ಟು ಸ್ಟಾರ್ ಕೊಡುತ್ತೀರಿ ಎಂಬ ಪ್ರಶ್ನೆ ಅಂಗೈಯಲ್ಲಿ ಹಾಜರಾಗುತ್ತದೆ. ನಾವು ಯೋಚಿಸದೆ ಬೆರಳು ಒತ್ತುತ್ತೇವೆ. ಆ ಒಂದು ಒತ್ತು ಎಷ್ಟು ದೂರ ಹೋಗುತ್ತದೆ, ಯಾರ ಮನೆಯ ಹಣವನ್ನು ಯಾರ ಕಡೆಗೆ ತಿರುಗಿಸುತ್ತದೆ ಎಂಬುದು ನಮಗೆ ಗೊತ್ತಾಗುವುದಿಲ್ಲ. 1995ರಲ್ಲಿ ಅಮೆರಿಕದಲ್ಲಿ ಅಮೆಜಾನ್ ಪುಸ್ತಕದಂಗಡಿಯು ಗ್ರಾಹಕರೇ ಅಭಿಪ್ರಾಯ ಬರೆಯಲು ಅವಕಾಶ ಕೊಟ್ಟಾಗ ಅದೊಂದು ಹೊಸ ವಿಚಿತ್ರವಾಗಿತ್ತು. ಇಂದು ಅಭಿಪ್ರಾಯ ನೋಡದೆ ಚಾರ್ಜರ್ ಕೊಳ್ಳುವವರೂ ವಿರಳ.

ಇನ್ನೂರು ರೂಪಾಯಿಯ ಚೀಟಿ

ಈ ಪ್ರಶ್ನೆ ನನ್ನನ್ನು ಕಾಡಲಾರಂಭಿಸಿದ್ದು ಕಿತಾಬುಗಳ ಅಧ್ಯಯನದಿಂದಲ್ಲ, ನನ್ನದೇ ತಪ್ಪಿನಿಂದ. ಅದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೆ ಹೇಳದೆ ಮುಂದಿನ ಮಾತು ಹೇಳುವ ಹಕ್ಕು ನನಗಿಲ್ಲ.

ಸುಮಾರು ಎರಡು ವರ್ಷಗಳ ಹಿಂದೆ ಆನ್‌ಲೈನ್ ಅಂಗಡಿಯೊಂದರಿಂದ ಅಗ್ಗದ ಟ್ಯಾಬ್ಲೆಟ್ ತರಿಸಿದೆ. ಅರಬಿ ಕಿತಾಬುಗಳ ಪಿಡಿಎಫ್ ಓದಲು ಫೋನಿನ ಪರದೆ ಸಾಲುತ್ತಿರಲಿಲ್ಲ. ಪೆಟ್ಟಿಗೆ ಬಿಚ್ಚಿದಾಗ ಒಳಗೊಂದು ಬಣ್ಣದ ಚೀಟಿ ಇತ್ತು. ಐದು ಸ್ಟಾರ್ ಕೊಟ್ಟು, ಎರಡು ಸಾಲು ಹೊಗಳಿ ಬರೆದು, ಅದರ ಚಿತ್ರವನ್ನು ಕೊಟ್ಟಿರುವ ವಾಟ್ಸಪ್ ನಂಬರಿಗೆ ಕಳುಹಿಸಿದರೆ ಇನ್ನೂರು ರೂಪಾಯಿ ಮರಳಿ ಸಿಗುವುದೆಂದು ಅದರಲ್ಲಿತ್ತು. ಪರದೆ ಹೊಳೆಯುತ್ತಿತ್ತು, ಅಕ್ಷರಗಳು ದೊಡ್ಡದಾಗಿ ಕಾಣುತ್ತಿದ್ದವು, ನನಗೂ ಸಂತೋಷವಾಗಿತ್ತು. ಅಂದೇ ಸಂಜೆ ಕನ್ನಡದಲ್ಲಿ ಬರೆದೆ: ಬಹಳ ಉತ್ತಮ, ಓದುವವರಿಗೆ ಹೇಳಿ ಮಾಡಿಸಿದಂತಿದೆ, ಧೈರ್ಯವಾಗಿ ಕೊಳ್ಳಬಹುದು. ಮೂರನೆಯ ದಿನ ಇನ್ನೂರು ರೂಪಾಯಿ ಬಂತು.

ನಾಲ್ಕನೆಯ ವಾರಕ್ಕೆ ಅದರ ಬಣ್ಣ ಬಯಲಾಯಿತು. ಬ್ಯಾಟರಿ ಒಂದು ಗಂಟೆ ನಿಲ್ಲುತ್ತಿರಲಿಲ್ಲ. ಒಂದು ಪುಟ ತಿರುವಲು ಕಾಯಬೇಕಾಗುತ್ತಿತ್ತು. ಬೇಸರದಿಂದ ಅದನ್ನು ಕಪಾಟಿನ ಮೇಲಿಟ್ಟೆ. ನಾನು ಬರೆದ ಮಾತು ಮಾತ್ರ ನನ್ನ ಹೆಸರಿನೊಂದಿಗೆ ಅಲ್ಲಿಯೇ ಉಳಿದಿತ್ತು. ಅದನ್ನು ತಿದ್ದಬೇಕೆಂದು ನನಗೆ ಹೊಳೆಯಲೇ ಇಲ್ಲ.

ಕೆಲವು ತಿಂಗಳುಗಳ ಬಳಿಕ ಒಂದು ದಿನ ಮದ್ರಸ ಬಿಡುವ ಹೊತ್ತಿಗೆ ನನ್ನ ವಿದ್ಯಾರ್ಥಿಯೊಬ್ಬನ ತಾಯಿ ಗೇಟಿನ ಬಳಿ ನಿಂತಿದ್ದರು. ಬೀಡಿ ಕಟ್ಟಿ ಮನೆ ನಡೆಸುವವರು. ಕೈಯಲ್ಲಿ ಅದೇ ಟ್ಯಾಬ್ಲೆಟ್. ಹಿರಿಯ ಮಗ ಹತ್ತನೆಯ ತರಗತಿಯಲ್ಲಿದ್ದ. ಪಾಠದ ವೀಡಿಯೋ ನೋಡಲೆಂದು ಉಳಿತಾಯದ ಹಣದಲ್ಲಿ ತರಿಸಿದ್ದರು. ಯಾವುದು ಒಳ್ಳೆಯದೆಂದು ಹುಡುಗ ಹುಡುಕುವಾಗ ಅಷ್ಟು ಅಭಿಪ್ರಾಯಗಳ ನಡುವೆ ಕನ್ನಡದ ಒಂದೇ ಒಂದು ಕಂಡಿತ್ತು. ಕೆಳಗೆ ನನ್ನ ಹೆಸರು. "ಉಸ್ತಾದರೇ ಬರೆದಿದ್ದಾರೆ ಉಮ್ಮಾ" ಎಂದನಂತೆ. ಅಷ್ಟು ಸಾಕಾಗಿತ್ತು.

ಅವರು ದೂರು ಹೇಳಲು ಬಂದಿರಲಿಲ್ಲ. "ಉಸ್ತಾದರೇ, ನಿಮ್ಮದು ಚೆನ್ನಾಗಿ ನಡೆಯುತ್ತದಲ್ಲಾ? ನಮ್ಮದರಲ್ಲಿ ಚಾರ್ಜೇ ನಿಲ್ಲುವುದಿಲ್ಲ. ಹುಡುಗ ಏನಾದರೂ ತಪ್ಪು ಒತ್ತಿದನೋ ಏನೋ. ಒಮ್ಮೆ ನೋಡಿ ಹೇಳಿ" ಎಂದರು.

ತಪ್ಪು ಒತ್ತಿದ್ದು ಹುಡುಗನಲ್ಲ, ನಾನು. ಅವರ ಮುಂದೆ ನಾನು ಎಲ್ಲವನ್ನೂ ಹೇಳಿದೆ. ಇನ್ನೂರು ರೂಪಾಯಿಯ ಮಾತನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಬೇಕೂಂತ ಮಾಡಿಲ್ಲವಲ್ಲ" ಎಂದು ಅವರು ನನಗೇ ಸಮಾಧಾನ ಹೇಳಿದರು. ಆ ಮಾತು ಮನೆಯವರೆಗೂ ನನ್ನನ್ನು ಹಿಂಬಾಲಿಸಿತು. ನಿಜವಾಗಿಯೂ ಬೇಕೂಂತ ಮಾಡಿರಲಿಲ್ಲವೇ?

ಉಮರ್(ರ)ರ ಮೂರು ಪ್ರಶ್ನೆಗಳು

ಇಮಾಮ್ ಬೈಹಕೀ ಉದ್ಧರಿಸಿರುವ ಒಂದು ಪ್ರಸಂಗವಿದೆ. ಹಝ್ರತ್ ಉಮರ್(ರ)ರ ಮುಂದೆ ಒಬ್ಬನು ಸಾಕ್ಷಿಯಾಗಿ ಬಂದನು. ತಮಗೆ ಅವನ ಪರಿಚಯವಿಲ್ಲವೆಂದೂ ಅವನನ್ನು ಬಲ್ಲವರನ್ನು ಕರೆತರಬೇಕೆಂದೂ ಉಮರ್(ರ) ಹೇಳಿದರು. ಅಲ್ಲಿದ್ದ ಒಬ್ಬರು ತಾವು ಬಲ್ಲೆವೆಂದೂ ಅವನು ಪ್ರಾಮಾಣಿಕನೆಂದೂ ಹೇಳಿದರು. ಆಗ ಖಲೀಫರು ಮೂರು ವಿಷಯ ವಿಚಾರಿಸಿದರು. ಅವನ ಹಗಲು ರಾತ್ರಿಗಳನ್ನು ಅರಿತ ನೆರೆಯವರೇ ನೀವು? ದೀನಾರ್ ದಿರ್‌ಹಮ್‌ಗಳ ವ್ಯವಹಾರ ಅವನೊಡನೆ ಮಾಡಿದ್ದುಂಟೇ? ಅವನ ಜೊತೆ ಪ್ರಯಾಣ ಮಾಡಿದ್ದೀರಾ? ಮೂರಕ್ಕೂ ಇಲ್ಲವೆಂಬ ಉತ್ತರ ಬಂದಾಗ, ಹಾಗಾದರೆ ನಿಮಗೆ ಅವನು ಗೊತ್ತಿಲ್ಲವೆಂದು ಉಮರ್(ರ) ತೀರ್ಮಾನಿಸಿದರು. ಮಸೀದಿಯಲ್ಲಿ ಅವನು ತಲೆ ಬಾಗಿಸಿ ಎತ್ತುವುದನ್ನು ಕಂಡು ಪರಿಚಯವೆಂದುಕೊಂಡಿರಬೇಕು ಎಂಬ ಅರ್ಥದ ಮಾತೂ ಕೆಲವು ವರದಿಗಳಲ್ಲಿದೆ.

ಸಾಕ್ಷ್ಯದ ಮೊದಲ ಶರತ್ತು ಅರಿವು ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳಲಾಗದು. ಅರಿವಿಲ್ಲದ ವಿಷಯದ ಬೆನ್ನು ಹತ್ತಬಾರದೆಂದೂ, ಕಿವಿ, ಕಣ್ಣು, ಹೃದಯಗಳೆಲ್ಲವೂ ಪ್ರಶ್ನಿಸಲ್ಪಡುವುವೆಂದೂ ಕುರ್‌ಆನ್ ಸೂರಃ ಬನೀ ಇಸ್ರಾಈಲ್‌ನಲ್ಲಿ ಎಚ್ಚರಿಸುತ್ತದೆ.

ಈ ಮೂರು ಪ್ರಶ್ನೆಗಳನ್ನು ನಮ್ಮ ಕೈಯಲ್ಲಿರುವ ವಸ್ತುವಿಗೆ ಹಾಕಿ ನೋಡೋಣ. ನೆರೆಯವರಾಗುವುದೆಂದರೆ ಅದನ್ನು ದಿನನಿತ್ಯ, ತಿಂಗಳುಗಟ್ಟಲೆ ಬಳಸುವುದು. ಪೆಟ್ಟಿಗೆ ಬಿಚ್ಚಿದ ಸಂಜೆಯೇ ಬರೆಯುವವನು ನೆರೆಯವನಲ್ಲ, ಬಾಗಿಲಲ್ಲಿ ನಿಂತು ಹೋದ ಅತಿಥಿ. ಪ್ರಯಾಣವೆಂದರೆ ಕಷ್ಟಕಾಲ. ಮಳೆಗಾಲದಲ್ಲಿ ಕರೆಂಟ್ ಹೋದಾಗ, ನೆಟ್‌ವರ್ಕ್ ಕ್ಷೀಣವಾದಾಗ, ಕೈಜಾರಿ ಬಿದ್ದಾಗ, ದುರಸ್ತಿಗೆ ಕೊಂಡುಹೋದಾಗ ಅದು ಹೇಗೆ ನಡೆದುಕೊಂಡಿತು? ದೀನಾರ್ ದಿರ್‌ಹಮ್‌ಗಳ ವ್ಯವಹಾರವೆಂದರೆ ಹಣದ ಪರೀಕ್ಷೆ. ಹಿಂದಿರುಗಿಸುತ್ತೇವೆಂದ ಹಣವನ್ನು ಹಿಂದಿರುಗಿಸಿದರೇ? ಮೊದಲು ಹೇಳದ ಶುಲ್ಕವನ್ನು ಕೊನೆಯ ಪುಟದಲ್ಲಿ ಸೇರಿಸಿದರೇ? ಚಂದಾ ಸೇರುವ ಬಾಗಿಲು ಅಗಲವಾಗಿದ್ದು ಹೊರಬರುವ ಬಾಗಿಲು ಬಚ್ಚಿಟ್ಟಿದ್ದರೇ? ಇಂತಹ ಹದಿಮೂರು ಬಗೆಯ ತಂತ್ರಗಳನ್ನು ನಮ್ಮ ದೇಶದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ಹೆಸರಿಸಿ ನಿಷೇಧಿಸಿದೆ. ಹಣದ ವ್ಯವಹಾರ ಮಾಡದೆ ಮನುಷ್ಯನ ಗುಣ ತಿಳಿಯದೆಂಬ ಖಲೀಫರ ಮಾತು ವೆಬ್‌ಸೈಟಿಗೂ ಅನ್ವಯಿಸುತ್ತದೆ.

ಮಸೀದಿಯಲ್ಲಿ ಕಂಡವನು

ಹಝ್ರತ್ ಉಮರ್(ರ)ರ ಕೊನೆಯ ಮಾತಿನ ಸತ್ಯವನ್ನು ಜಗತ್ತಿನ ಮುಸ್ಲಿಮರು ಇತ್ತೀಚೆಗೆ ಕಹಿಯಾಗಿ ಅನುಭವಿಸಿದರು. ನಮಾಝಿನ ಸಮಯ, ಅಝಾನ್, ಕಿಬ್ಲಾದ ದಿಕ್ಕು ತೋರಿಸುವ 'ಮುಸ್ಲಿಂ ಪ್ರೊ' ಎಂಬ ಆ್ಯಪನ್ನು ಕೋಟ್ಯಂತರ ಫೋನುಗಳಲ್ಲಿ ಇಳಿಸಿಕೊಳ್ಳಲಾಗಿತ್ತು. 2020ರ ನವೆಂಬರ್‌ನಲ್ಲಿ 'ಮದರ್‌ಬೋರ್ಡ್' ಎಂಬ ಪತ್ರಿಕೆಯು ಒಂದು ವರದಿ ಪ್ರಕಟಿಸಿತು. ಈ ಆ್ಯಪ್ ಬಳಸುವವರು ಎಲ್ಲಿದ್ದಾರೆಂಬ ಮಾಹಿತಿಯು 'ಎಕ್ಸ್-ಮೋಡ್' ಎಂಬ ಕಂಪೆನಿಗೆ ಹೋಗುತ್ತಿತ್ತು, ಆ ಕಂಪೆನಿಯ ಗಿರಾಕಿಗಳಲ್ಲಿ ಅಮೆರಿಕದ ಸೇನೆಗೆ ಕೆಲಸ ಮಾಡುವ ಗುತ್ತಿಗೆದಾರರಿದ್ದರು ಎಂಬುದು ಅದರ ಸಾರಾಂಶ. ತಾವು ಸೇನೆಗೆ ಮಾಹಿತಿ ಮಾರಿಲ್ಲವೆಂದು ಆ್ಯಪಿನವರು ನಿರಾಕರಿಸಿದರು. ಎಕ್ಸ್-ಮೋಡ್‌ನೊಡನೆ ಸಂಬಂಧ ಕಡಿದುಕೊಳ್ಳುವುದಾಗಿಯೂ ತಿಳಿಸಿದರು. 2024ರ ಜನವರಿಯಲ್ಲಿ ಅಮೆರಿಕದ ವ್ಯಾಪಾರ ಆಯೋಗವು, ಆರಾಧನಾಲಯಗಳಂತಹ ಸೂಕ್ಷ್ಮ ಸ್ಥಳಗಳಿಗೆ ಜನರು ಹೋಗಿಬರುವ ಮಾಹಿತಿಯನ್ನು ಮಾರದಂತೆ ಎಕ್ಸ್-ಮೋಡ್ ಕಂಪೆನಿಯನ್ನು ತಡೆಯುವ ಆದೇಶವನ್ನು ಪ್ರಕಟಿಸಿತು.

ಆ ಆ್ಯಪಿಗೆ ಐದು ನಕ್ಷತ್ರ ಕೊಟ್ಟವರು ಸುಳ್ಳುಗಾರರಾಗಿರಲಿಲ್ಲ. ಅಝಾನ್ ಸರಿಯಾದ ಸಮಯಕ್ಕೆ ಕೇಳಿಸುತ್ತಿತ್ತು, ಕಿಬ್ಲಾ ಸರಿಯಾಗಿತ್ತು. ತಾವು ಕಂಡದ್ದನ್ನು ಅವರು ಹೇಳಿದರು. ಆದರೆ ಕಂಡದ್ದೆಲ್ಲ ಮಸೀದಿಯೊಳಗಿನ ತಲೆ ಬಾಗುವಿಕೆಯಾಗಿತ್ತು. ಹಿಂಬಾಗಿಲಿನ ವ್ಯವಹಾರ ಅವರ ಕಣ್ಣಿಗೆ ಬೀಳುವಂತಿರಲಿಲ್ಲ.

ಇದರಿಂದ ಕಲಿಯಬೇಕಾದುದೇನು? ಸಾಮಾನ್ಯ ಬಳಕೆದಾರನು ತನ್ನ ಅರಿವಿನ ಗಡಿಯನ್ನು ಅರಿಯಬೇಕು. ಅಝಾನ್ ಸಮಯಕ್ಕೆ ಸರಿಯಾಗಿ ಕೇಳಿಸುತ್ತದೆ ಎಂಬುದು ಸಾಕ್ಷ್ಯ. ಈ ಆ್ಯಪ್ ಸಂಪೂರ್ಣ ಸುರಕ್ಷಿತ, ಎಲ್ಲರೂ ಹಾಕಿಕೊಳ್ಳಿ ಎಂಬುದು ಅರಿವಿಲ್ಲದ ಮಾತು. ಇಸ್ಲಾಮಿನ ಹೆಸರು ಹೊತ್ತ ಆ್ಯಪ್ ಎಂಬ ಕಾರಣಕ್ಕೆ ಕುಟುಂಬದ ವಾಟ್ಸಪ್ ಗುಂಪಿಗೆಲ್ಲ ಕಳುಹಿಸಿ ಪುಣ್ಯ ನಿರೀಕ್ಷಿಸುವ ಸಹೋದರ ಸಹೋದರಿಯರು ನಮ್ಮಲ್ಲಿದ್ದಾರೆ. ಕೇಳಿದ್ದೆಲ್ಲವನ್ನೂ ಹೇಳುತ್ತ ಹೋಗುವುದೇ ಒಬ್ಬನನ್ನು ಸುಳ್ಳುಗಾರನೆನಿಸಲು ಸಾಕೆಂಬ ಪ್ರವಾದಿವರ್ಯರ(ಸ) ಎಚ್ಚರಿಕೆಯನ್ನು ಅವರು ನೆನೆಯಬೇಕು.

ಇಂದಿನ ನಜಶ್

ಇನ್ನು ಆ ಇನ್ನೂರು ರೂಪಾಯಿಯ ವಿಷಯಕ್ಕೆ ಬರೋಣ. ಪ್ರವಾದಿವರ್ಯರು(ಸ) ನಿಷೇಧಿಸಿದ ವ್ಯಾಪಾರ ಪದ್ಧತಿಗಳಲ್ಲಿ 'ನಜಶ್' ಒಂದು. ಬುಖಾರಿ ಮತ್ತು ಮುಸ್ಲಿಂ ಎರಡೂ ಗ್ರಂಥಗಳಲ್ಲಿ ಈ ನಿಷೇಧವಿದೆ. ಹರಾಜಿನಲ್ಲಿ ಒಬ್ಬನು ಕೊಳ್ಳುವ ಇರಾದೆಯೇ ಇಲ್ಲದೆ ಬೆಲೆ ಏರಿಸುತ್ತಾನೆ. ಅವನ ಆಸಕ್ತಿಯನ್ನು ಕಂಡು ನಿಜವಾದ ಗಿರಾಕಿ ಮೋಸಹೋಗುತ್ತಾನೆ. ವಸ್ತುವಿನಲ್ಲಿಲ್ಲದ ಗುಣವನ್ನು ಹೊಗಳಿ ಗಿರಾಕಿಯನ್ನು ಸೆಳೆಯುವುದನ್ನೂ ಧರ್ಮಶಾಸ್ತ್ರ ಪಂಡಿತರು ಇದರಲ್ಲಿ ಸೇರಿಸಿದ್ದಾರೆ. ಇಲ್ಲಿ ಕೆಡುಕು ಎಲ್ಲಿದೆ? ಮಾತಾಡುವವನು ಗಿರಾಕಿಯ ವೇಷದಲ್ಲಿದ್ದಾನೆ, ಕೆಲಸ ಮಾತ್ರ ಅಂಗಡಿಯವನದು. ಹಣಕ್ಕಾಗಿ ಕೊಟ್ಟ ಐದು ನಕ್ಷತ್ರದಲ್ಲೂ ಇದೇ ಕಾರಣ ಇರುವಾಗ ಅದನ್ನು ಬೇರೆ ಹೆಸರಿನಿಂದ ಕರೆಯಲು ನನಗೆ ದಾರಿ ಕಾಣುವುದಿಲ್ಲ.

ನಮ್ಮ ದೇಶದ ಕಾನೂನು ಸಹ ಈ ದಿಕ್ಕಿನಲ್ಲಿಯೇ ಹೆಜ್ಜೆ ಹಾಕಿದೆ. ವಸ್ತುವನ್ನು ಶಿಫಾರಸು ಮಾಡುವ ಜಾಹೀರಾತಿನ ಮಾತು ಪ್ರಾಮಾಣಿಕ ಅಭಿಪ್ರಾಯವಾಗಿರಬೇಕು, ಸಾಕಷ್ಟು ಮಾಹಿತಿ ಅಥವಾ ಅನುಭವದ ಮೇಲೆ ನಿಂತಿರಬೇಕು, ವ್ಯಾಪಾರಿಯೊಡನೆ ಸಂಬಂಧವಿದ್ದರೆ ಅದನ್ನು ಬಹಿರಂಗಪಡಿಸಬೇಕು ಎಂದು 2022ರ ಜೂನ್‌ನಲ್ಲಿ ಹೊರಟ ಮಾರ್ಗಸೂಚಿ ಹೇಳುತ್ತದೆ. ಅದೇ ವರ್ಷ ನವೆಂಬರ್‌ನಲ್ಲಿ ಭಾರತೀಯ ಮಾನಕ ಸಂಸ್ಥೆಯು ಆನ್‌ಲೈನ್ ಅಭಿಪ್ರಾಯಗಳಿಗೆಂದೇ 'ಐಎಸ್ 19000' ಎಂಬ ಮಾನದಂಡವನ್ನು ತಂದಿತು. ಕೊಂಡುಕೊಂಡ ಅಭಿಪ್ರಾಯಗಳಿಗೆ ಅದರಲ್ಲಿ ಎಡೆಯಿಲ್ಲ. ಆದರೆ ಅದನ್ನು ಜಾರಿಗೊಳಿಸಿದಾಗ ಪಾಲನೆಯನ್ನು ಕಂಪೆನಿಗಳ ಇಚ್ಛೆಗೆ ಬಿಡಲಾಗಿತ್ತು. ಅಮೆರಿಕದಲ್ಲಿ ನಕಲಿ ಅಭಿಪ್ರಾಯಗಳ ಮಾರಾಟ ಮತ್ತು ಖರೀದಿಯನ್ನು ನಿಷೇಧಿಸುವ ನಿಯಮ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು.

ಕಾನೂನು ಬೇಕು. ಆದರೆ ಚೀಟಿ ಪೆಟ್ಟಿಗೆಯೊಳಗಿರುತ್ತದೆ, ಪೆಟ್ಟಿಗೆಯನ್ನು ನಾವು ನಮ್ಮ ಮನೆಯೊಳಗೆ ಬಿಚ್ಚುತ್ತೇವೆ. ಅಲ್ಲಿ ಯಾವ ಅಧಿಕಾರಿಯೂ ಇರುವುದಿಲ್ಲ. ಪ್ರತಿಯೊಂದು ಮಾತನ್ನೂ ದಾಖಲಿಸುವ ಕಾವಲುಗಾರರು ಜೊತೆಗಿದ್ದಾರೆಂಬ ನಂಬಿಕೆಯೊಂದೇ ಅಲ್ಲಿ ಕೆಲಸ ಮಾಡಬೇಕು. ನನ್ನ ಮನೆಯಲ್ಲಿ ಆ ಸಂಜೆ ಅದು ಕೆಲಸ ಮಾಡಲಿಲ್ಲ.

"ಸಾವಿರಾರು ಅಭಿಪ್ರಾಯಗಳ ನಡುವೆ ನನ್ನದೊಂದು ಯಾವ ಲೆಕ್ಕ? ಇವೆಲ್ಲ ಸುಳ್ಳೆಂದು ಎಲ್ಲರಿಗೂ ಗೊತ್ತಿದೆ" ಎನ್ನುವವರಿದ್ದಾರೆ. ಎಲ್ಲರಿಗೂ ಗೊತ್ತಿಲ್ಲ. ಬೀಡಿ ಕಟ್ಟುವ ಆ ತಾಯಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ತಪ್ಪು ಹಗುರಾಗುವುದಿಲ್ಲ. ಎಲ್ಲರೂ ತಕ್ಕಡಿ ಒತ್ತುವ ಪೇಟೆಯಲ್ಲಿ ಮೊದಲು ಮುಳುಗುವವನು ಸರಿಯಾಗಿ ತೂಗುವ ವ್ಯಾಪಾರಿ. ಅಳತೆಯಲ್ಲಿ ಕಡಿಮೆ ಮಾಡುವವರನ್ನು ಕುರ್‌ಆನ್ ಒಂದು ಇಡೀ ಅಧ್ಯಾಯದ ಆರಂಭದಲ್ಲಿಯೇ ಶಪಿಸಿದೆ. ಅಣುವಿನಷ್ಟು ಕೆಡುಕೂ ಕಣ್ಣೆದುರು ಬರುವ ದಿನದಲ್ಲಿ ಸಾವಿರದಲ್ಲಿ ಒಂದು ಎಂಬ ಲೆಕ್ಕ ನಡೆಯದು.

ದೋಷ ಹೇಳುವುದು ಗೀಬತ್ ಆಗುವುದೇ?

ಇನ್ನೊಂದು ಬದಿಯಲ್ಲಿ ದೈವಭಯವುಳ್ಳ ಕೆಲವರ ಸಂದೇಹವಿದೆ. ಯಾರದೋ ಅಂಗಡಿ, ಯಾರದೋ ಹೊಟ್ಟೆಪಾಡು. ಕೆಟ್ಟದು ಹೇಳಿ ನಾವೇಕೆ ಗೀಬತ್ತಿನ ಪಾಪ ಹೊರಬೇಕು? ಇತರರ ದೋಷವನ್ನು ಮುಚ್ಚುವವನ ದೋಷವನ್ನು ಅಲ್ಲಾಹನು ಮುಚ್ಚುವನಲ್ಲವೇ?

ಈ ಸಂದೇಹ ಗೌರವಾರ್ಹ. ಆದರೆ ಅದಕ್ಕೆ ಉತ್ತರ ಪ್ರವಾದಿವರ್ಯರ(ಸ) ಜೀವನದಲ್ಲಿಯೇ ಇದೆ. ಫಾತಿಮಾ ಬಿಂತ್ ಕೈಸ್(ರ) ಎಂಬ ಸಹಾಬಿ ಮಹಿಳೆಗೆ ಇಬ್ಬರಿಂದ ವಿವಾಹ ಪ್ರಸ್ತಾಪ ಬಂದಾಗ ಅವರು ಪ್ರವಾದಿವರ್ಯರ(ಸ) ಸಲಹೆ ಕೇಳಿದರು. ಒಬ್ಬರು ಹೆಗಲಿನಿಂದ ಕೋಲನ್ನೇ ಕೆಳಗಿಡದವರೆಂದೂ ಇನ್ನೊಬ್ಬರು ಕೈಯಲ್ಲಿ ಹಣವಿಲ್ಲದ ಬಡವರೆಂದೂ ಪ್ರವಾದಿವರ್ಯರು(ಸ) ಸ್ಪಷ್ಟವಾಗಿ ತಿಳಿಸಿ ಉಸಾಮಾ(ರ)ರನ್ನು ವಿವಾಹವಾಗಲು ಸೂಚಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಹದೀಸನ್ನು ಆಧರಿಸಿ, ಸಲಹೆ ಕೇಳಿದವರಿಗೆ ದೋಷವನ್ನು ತಿಳಿಸುವುದು ನಿಷಿದ್ಧ ಗೀಬತ್ತಲ್ಲವೆಂದು ಇಮಾಮ್ ನವವೀ ವಿವರಿಸಿದ್ದಾರೆ. ಒಂದು ಬಾಳಿನ ಹೊಣೆಯುಳ್ಳ ಪ್ರಶ್ನೆಗೆ ನಯವಾದ ಮೌನವು ಉತ್ತರವಾಗದು.

ಹದೀಸ್ ವಿದ್ವಾಂಸರು ಈ ಕರ್ತವ್ಯವನ್ನು ಒಂದು ಶಾಸ್ತ್ರವಾಗಿಯೇ ಬೆಳೆಸಿದರು. ವರದಿಗಾರರಲ್ಲಿ ಯಾರು ನಂಬಲರ್ಹರು, ಯಾರ ಸ್ಮರಣಶಕ್ತಿ ದುರ್ಬಲ ಎಂಬುದನ್ನು ಅವರು ಹೆಸರು ಹಿಡಿದು ದಾಖಲಿಸಿದರು. ಇಮಾಮ್ ಬುಖಾರಿಯವರ ಗುರುಗಳಾದ ಅಲೀ ಇಬ್ನುಲ್ ಮದೀನೀ ತಮ್ಮ ಸ್ವಂತ ತಂದೆಯನ್ನೇ ದುರ್ಬಲ ವರದಿಗಾರರೆಂದು ಹೇಳಿದರು. ತಂದೆಯ ಮೇಲಿನ ಪ್ರೀತಿ ಅವರ ಬಾಯಿ ಕಟ್ಟಲಿಲ್ಲ. ಇತ್ತ ಇಮಾಮ್ ಬುಖಾರಿ ಕಟುಮಾತುಗಳನ್ನು ಆದಷ್ಟೂ ತಪ್ಪಿಸುತ್ತಿದ್ದರು. ತೀರ ದುರ್ಬಲನ ಬಗ್ಗೆಯೂ, ಇವರ ವಿಷಯದಲ್ಲಿ ಪರಿಶೀಲನೆ ಬೇಕು ಎಂಬಂತಹ ಅಳೆದ ಮಾತನ್ನು ಬಳಸುತ್ತಿದ್ದರು. ನಿರ್ದಾಕ್ಷಿಣ್ಯ ಮತ್ತು ಸಭ್ಯತೆ ಒಟ್ಟಿಗೆ ಇರಬಲ್ಲವು ಎಂಬುದಕ್ಕೆ ಇಷ್ಟು ಸಾಕು.

ಧಾನ್ಯದ ರಾಶಿಯ ಹದೀಸನ್ನು ನಾವೆಲ್ಲರೂ ಕೇಳಿದ್ದೇವೆ. ಪ್ರವಾದಿವರ್ಯರು(ಸ) ರಾಶಿಯ ಮೇಲ್ಭಾಗವನ್ನು ನೋಡಿ ಮುಂದೆ ಹೋಗಲಿಲ್ಲ. ಕೈಯನ್ನು ಒಳಗೆ ಹಾಕಿದರು. ಬೆರಳುಗಳಿಗೆ ತೇವ ತಗಲಿತು. ಮಳೆಗೆ ನೆನೆದುದೆಂದು ವ್ಯಾಪಾರಿ ಹೇಳಿದಾಗ, ಹಾಗಾದರೆ ಅದನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತೆಂದು ತಿಳಿಸಿ, ವಂಚಿಸುವವನು ತನ್ನವನಲ್ಲವೆಂದು ಘೋಷಿಸಿದರು. ಒದ್ದೆ ಧಾನ್ಯ ಮಾರಲೇಬಾರದೆಂದು ಅವರು ಹೇಳಲಿಲ್ಲ, ಒದ್ದೆಯನ್ನು ಅಡಗಿಸಬಾರದೆಂದರು. ಅಭಿಪ್ರಾಯ ಬರೆಯುವವನ ಕೆಲಸವೂ ಇಷ್ಟೇ: ಕೈ ಒಳಗೆ ಹಾಕಿ, ತಗಲಿದ ತೇವವನ್ನು ಮೇಲಕ್ಕೆ ತೋರಿಸುವುದು.

ಕೋಪದ ಒಂದು ನಕ್ಷತ್ರ

ಹೊಗಳಿಕೆಯಲ್ಲಿ ಆಗುವಷ್ಟೇ ಅನ್ಯಾಯ ತೆಗಳಿಕೆಯಲ್ಲಿಯೂ ಆಗುತ್ತದೆ. ಪೆಟ್ಟಿಗೆ ಎರಡು ದಿನ ತಡವಾಗಿ ಬಂದುದಕ್ಕೆ ಒಳಗಿನ ವಸ್ತುವಿಗೆ ಒಂದು ನಕ್ಷತ್ರ. ಹೋಟೆಲಿನವರು ಸಾರಿಗೆ ಉಪ್ಪು ಹೆಚ್ಚು ಹಾಕಿದ್ದಕ್ಕೆ, ಮಳೆಯಲ್ಲಿ ನೆನೆದು ತಂದ ಹುಡುಗನಿಗೆ ಒಂದು ನಕ್ಷತ್ರ. ಸವಾರಿ ಮತ್ತು ಊಟ ತಲುಪಿಸುವ ಆ್ಯಪುಗಳಲ್ಲಿ ದುಡಿಯುವವರಿಗೆ ಈ ನಕ್ಷತ್ರಗಳು ಅಲಂಕಾರವಲ್ಲ. ರೇಟಿಂಗ್ ಇಳಿದರೆ ಕೆಲಸವೇ ಕೈತಪ್ಪಬಹುದು. ನಮ್ಮ ಊರುಗಳ ಎಷ್ಟೋ ಹುಡುಗರು ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದಾರೆ. ಅವರ ತಾಯಂದಿರು ಈ ಮಾಸಿಕವನ್ನು ಓದುತ್ತಿರಬಹುದು.

ದ್ವೇಷದ ಸಾಮೂಹಿಕ ಸಾಕ್ಷ್ಯವೂ ಉಂಟು. 2020ರ ಮೇ ತಿಂಗಳಲ್ಲಿ ಯೂಟ್ಯೂಬ್ ಮತ್ತು ಟಿಕ್‌ಟಾಕ್ ಅಭಿಮಾನಿಗಳ ನಡುವೆ ಜಗಳ ಹತ್ತಿದಾಗ ನಮ್ಮ ದೇಶದಲ್ಲಿ ಜನರು ಟಿಕ್‌ಟಾಕ್ ಆ್ಯಪಿಗೆ ಒಂದೊಂದೇ ನಕ್ಷತ್ರ ಒತ್ತಲು ಮುಗಿಬಿದ್ದರು. ನಾಲ್ಕರ ಮೇಲಿದ್ದ ರೇಟಿಂಗ್ ಕೆಲವೇ ದಿನಗಳಲ್ಲಿ ಎರಡಕ್ಕಿಂತ ಕೆಳಗಿಳಿಯಿತು. ಕೊನೆಗೆ ಗೂಗಲ್ ಲಕ್ಷಗಟ್ಟಲೆ ಅಭಿಪ್ರಾಯಗಳನ್ನು ಅಳಿಸಿಹಾಕಿತು. ಆ ಆ್ಯಪಿನಲ್ಲಿ ಆಕ್ಷೇಪಾರ್ಹವಾದುದು ಸಾಕಷ್ಟಿತ್ತು ಎಂಬುದು ನನ್ನ ಅಭಿಪ್ರಾಯ. ಅದೇ ಜೂನ್ 29ರಂದು ಸರಕಾರವು ಬೇರೆ ಕಾರಣಗಳಿಗಾಗಿ ಅದನ್ನು ನಿಷೇಧಿಸಿತು. ಆದರೂ ಗುಂಪು ಕಟ್ಟಿ ಒತ್ತಿದ ನಕ್ಷತ್ರವು ಸಾಕ್ಷ್ಯವಲ್ಲ, ಅದು ಕಲ್ಲೆಸೆತ. ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬ ಸೂರಃ ಅಲ್ ಮಾಇದಃದ ಆದೇಶವು ನಮಗೆ ಅನ್ಯಾಯವಾದಾಗ ಮಾತ್ರ ನೆನಪಾಗಬಾರದು. ನಮ್ಮ ಸಮುದಾಯದವರ ಹೋಟೆಲಿಗೆ ಯಾರೋ ದ್ವೇಷದಿಂದ ಕೆಟ್ಟ ರೇಟಿಂಗ್ ಕೊಟ್ಟರೆ ನಮಗೆ ನೋವಾಗುತ್ತದೆ. ನಮ್ಮವನೆಂಬ ಕಾರಣಕ್ಕೆ ಅವನ ಹಳಸಿದ ಬಿರಿಯಾನಿಗೆ ಐದು ನಕ್ಷತ್ರ ಕೊಡುವಾಗಲೂ ಅಷ್ಟೇ ನೋವಾಗಬೇಕು. ಸ್ವಂತದ ವಿರುದ್ಧ, ತಂದೆತಾಯಿಯ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಿರೆಂದು ಸೂರಃ ಅನ್ನಿಸಾದಲ್ಲಿ ಅಲ್ಲಾಹನು ಆಜ್ಞಾಪಿಸಿದ್ದಾನೆ.

ಸುಮ್ಮನಿರುವುದು ಯಾವಾಗ ತಪ್ಪು?

ಹಾಗಾದರೆ ಕೊಂಡ ಪ್ರತಿಯೊಂದು ವಸ್ತುವಿನ ಬಗ್ಗೆಯೂ ಬರೆಯಲೇಬೇಕೇ? ಇಲ್ಲ. ಇಸ್ಲಾಮ್ ಮನುಷ್ಯನ ಮೇಲೆ ಅಷ್ಟು ಭಾರ ಹೊರಿಸಿಲ್ಲ. ಪ್ರಯೋಜನವಿಲ್ಲದ ಮಾತಿಗಿಂತ ಮೌನವೇ ಲೇಸು. ಆದರೆ ಮೂರು ಸಂದರ್ಭಗಳಲ್ಲಿ ಮೌನವು ಅಡಗಿಸುವಿಕೆಯಾಗುತ್ತದೆ ಎಂದು ನಾನು ಭಾವಿಸುತ್ತೇನೆ. ಒಂದು, ಯಾರಾದರೂ ನೇರವಾಗಿ ನಮ್ಮನ್ನು ಕೇಳಿದಾಗ. ಸಲಹೆ ಕೇಳಲ್ಪಟ್ಟವನು ಅಮಾನತ್ತು ಹೊತ್ತವನೆಂದು ಹದೀಸ್ ಹೇಳುತ್ತದೆ. ಎರಡು, ವಸ್ತುವಿನಿಂದ ಜೀವಕ್ಕೋ ಮಾನಕ್ಕೋ ಅಪಾಯವಿದೆಯೆಂದು ನಮಗೆ ತಿಳಿದಾಗ. ಊದಿಕೊಳ್ಳುವ ಬ್ಯಾಟರಿ, ಸಾಲ ಕೊಟ್ಟು ಫೋನಿನೊಳಗಿನ ಚಿತ್ರಗಳನ್ನು ತೋರಿಸಿ ಬೆದರಿಸುವ ಆ್ಯಪ್ ಇಂತಹವು. ಮೂರು, ನಾವೇ ಮೊದಲು ಹೊಗಳಿ, ಆ ಹೊಗಳಿಕೆ ಸುಳ್ಳೆಂದು ನಂತರ ತಿಳಿದಾಗ. ಈ ಮೂರನೆಯದೇ ನನ್ನ ಕತೆ. ಪೆಟ್ಟಿಗೆ ಬಿಚ್ಚಿದ ದಿನದ ನನ್ನ ಆತುರವನ್ನು ಅರಿವುಗೇಡಿತನವೆನ್ನಬಹುದು. ನಾಲ್ಕನೆಯ ವಾರದ ಬಳಿಕದ ಮೌನಕ್ಕೆ ಆ ನೆಪವೂ ಇಲ್ಲ. ಸಾಕ್ಷ್ಯವನ್ನು ಅಡಗಿಸುವವನ ಹೃದಯವೇ ಪಾಪಗ್ರಸ್ತವೆಂದು ಸೂರಃ ಅಲ್ ಬಕರಃ ಎಚ್ಚರಿಸುವಾಗ, ನಾಲಗೆಯನ್ನಲ್ಲ, ಹೃದಯವನ್ನು ಹೆಸರಿಸಿರುವುದು ಏಕೆಂಬುದು ನನಗೆ ಆಗ ಅರ್ಥವಾಯಿತು. ನಾಲಗೆ ಸುಮ್ಮನಿತ್ತು. ಇನ್ನೂರು ರೂಪಾಯಿ ಪಡೆದಿದ್ದ ಹೃದಯವು ಅದನ್ನು ಸುಮ್ಮನಿರಿಸಿತ್ತು.

ಅಂದು ರಾತ್ರಿ ನನ್ನ ಹಳೆಯ ಮಾತನ್ನು ಅಳಿಸಿ, ಎಷ್ಟು ದಿನ ಬಳಸಿದೆ, ಏನು ಕೆಟ್ಟಿತು, ಮೊದಲು ಏಕೆ ಹೊಗಳಿದ್ದೆ ಎಂಬುದನ್ನು ಬರೆದೆ. ಆ ತಾಯಿಯ ಪರವಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆವು. ಆದರೆ ಹಿಂದಿರುಗಿಸುವ ಅವಧಿ ಮುಗಿದಿತ್ತು, ಮಾರಿದವನು ಆ ಹೆಸರಿನಲ್ಲಿ ಅಂಗಡಿಯನ್ನೇ ಇಟ್ಟಿರಲಿಲ್ಲ. ಹಣ ಬರಲಿಲ್ಲ. ನಾನು ಕೊಡಹೋದುದನ್ನು ಅವರು ತೆಗೆದುಕೊಳ್ಳಲಿಲ್ಲ. ಪರೀಕ್ಷೆ ಮುಗಿಯುವವರೆಗೆ ದಿನವೂ ಮಗ್ರಿಬ್ ಬಳಿಕ ಹುಡುಗನು ನನ್ನ ಫೋನಿನಲ್ಲಿ ಪಾಠ ನೋಡಿದ. ಸಾಲ ತೀರಿತೆಂದು ನಾನು ಹೇಳಲಾರೆ.

ಪ್ರಿಯ ಓದುಗರೇ, ಮುಂದಿನ ಬಾರಿ ಪರದೆಯ ಮೇಲೆ ಆ ಐದು ನಕ್ಷತ್ರಗಳು ಕಂಡಾಗ ಬೆರಳನ್ನು ಒಂದು ಕ್ಷಣ ತಡೆದು ಕೇಳಿಕೊಳ್ಳಿ: ನಾನು ಇದರ ನೆರೆಯವನಾಗಿದ್ದೇನೆಯೇ? ಕಷ್ಟದಲ್ಲಿ ಇದನ್ನು ಕಂಡಿದ್ದೇನೆಯೇ? ಹಣದ ವಿಷಯದಲ್ಲಿ ಇದನ್ನು ಪರೀಕ್ಷಿಸಿದ್ದೇನೆಯೇ? ನನ್ನ ಮಾತಿಗೆ ಯಾರಾದರೂ ಕೂಲಿ ಕೊಟ್ಟಿದ್ದಾರೆಯೇ? ನನ್ನ ಕೋಪ ಯಾರ ಮೇಲೆ, ನಕ್ಷತ್ರ ಯಾರಿಗೆ? ಉತ್ತರ ಸರಿಯಿದ್ದರೆ ಧೈರ್ಯವಾಗಿ ಬರೆಯಿರಿ. ನಿಮಗೆ ಮುಖ ಪರಿಚಯವಿಲ್ಲದ ಯಾವುದೋ ಮನೆಯಲ್ಲಿ ಒಬ್ಬ ತಾಯಿ ಉಳಿತಾಯದ ಹಣವನ್ನು ಮುಂದಿಟ್ಟುಕೊಂಡು ಅದನ್ನು ಓದಿಸಿ ಕೇಳುತ್ತಿರಬಹುದು. ಉತ್ತರ ಸರಿಯಿಲ್ಲದಿದ್ದರೆ ಪರದೆಯನ್ನು ಮುಚ್ಚಿಬಿಡಿ.

ನಾಳೆ ಬಾಯಿಗೆ ಮುದ್ರೆ ಬಿದ್ದು ಕೈಗಳು ಮಾತಾಡುವ ದಿನವೊಂದು ಬರಲಿದೆಯೆಂದು ನಾವು ನಂಬಿದವರು. ಅಂದು ನಮ್ಮ ಬೆರಳುಗಳು ನಮ್ಮ ಪರವಾಗಿ ಸಾಕ್ಷಿ ನುಡಿಯುವಂತಾಗಲು ಅಲ್ಲಾಹನು ನಮ್ಮೆಲ್ಲರನ್ನೂ ಅನುಗ್ರಹಿಸಲಿ. ಆಮೀನ್.